ಸೋದರಮಾವನ ಹಿಮ್ಮಡಿ

ಗಂಗಾಳ ಮನೆಯ ಹಾಲ್‌ನಲ್ಲಿ, ಟೀವಿಯ ನೆತ್ತಿಯ ಮೇಲೆ ಸರಿಯಾಗಿ, ಒಂದು ಮದುವೆಯ ಫೋಟೋ ತೂಗುತ್ತದೆ. ಅವಳ ಹಿರಿಮಗಳನ್ನು ಸೋದರಮಾವ ಎರಡೂ ತೋಳಲ್ಲಿ ಎತ್ತಿಕೊಂಡು ಮಂಟಪಕ್ಕೆ ತರುತ್ತಿರುವ ಫೋಟೋ. ಸೋದರಮಾವನ ಮುಖದಲ್ಲಿ ಇದ್ದಬದ್ದ ಹಲ್ಲೆಲ್ಲ ಹಾಜರಿವೆ. ಎಡ ಅಂಚಿನಲ್ಲಿ ಮಾತ್ರ ಯಾರದೋ ಒಂದು ಮೊಣಕೈ, ಅದರ ಮುಂದೊಂದು ತಟ್ಟೆ, ತಟ್ಟೆಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಭಜಿ.

ಆ ಮೊಣಕೈ ಜನಾರ್ದನನದು.

ಗಂಗಾಳ ಒಡಹುಟ್ಟಿದ ಅಣ್ಣ ಅವನು. ಹಲ್ಲಿನ ಮಾಲೀಕ ಸೂರ್ಯನಾರಾಯಣ, ಎಲ್ಲರ ಬಾಯಲ್ಲಿ ಸೂರಿ, ಬರೀ ಚಿಕ್ಕಪ್ಪನ ಮಗ. ಅವರ ಮನೆತನದಲ್ಲಿ ಗೌರಿಪೂಜೆ ಮುಗಿಸಿ ಎದ್ದ ಮದುಮಗಳ ಪಾದ ಮಂಟಪ ಸೇರುವವರೆಗೆ ನೆಲಕ್ಕೆ ತಾಗಬಾರದು. ಸೋದರಮಾವ ಹೊತ್ತೇ ತರಬೇಕು. ಅವತ್ತು ಭಟ್ಟರು ಸೋದರಮಾವನನ್ನು ಕೂಗಿದಾಗ ಜನಾರ್ದನ ಭಜಿಯ ಕಡಾಯಿಯ ಹತ್ತಿರ ಎರಡನೆಯ ಸುತ್ತಿನಲ್ಲಿದ್ದ. ಎಣ್ಣೆಗೈ ಒರೆಸಿಕೊಳ್ಳಲು ಕರವಸ್ತ್ರ ಹುಡುಕುವಷ್ಟರಲ್ಲಿ ಸೂರಿ ಹುಡುಗಿಯನ್ನು ಎತ್ತಿಯಾಗಿತ್ತು. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ, ಖಾಯಂ ಸೋದರಮಾವ ಸ್ಥಳದಲ್ಲಿ ಇಲ್ಲದ ಕಾರಣ ಪ್ರಭಾರಿ ಸೋದರಮಾವ ಭಾರ ವಹಿಸಿಕೊಂಡಿದ್ದ.

ಅಂದಿನಿಂದ ಜನಾರ್ದನ ತಂಗಿಯ ಮನೆಗೆ ಹೋದಾಗಲೆಲ್ಲ ಟೀವಿಗೆ ಬೆನ್ನು ಹಾಕಿ ಕೂರುತ್ತಿದ್ದ. ಕ್ರಿಕೆಟ್ ಇದ್ದರೂ ಬೆನ್ನಿನಿಂದಲೇ ನೋಡುತ್ತಿದ್ದ.

ಈಗ ಗಂಗಾಳ ಕಿರಿಮಗಳು ಸಂಯುಕ್ತಾಳ ಮದುವೆ ಗೊತ್ತಾಯಿತು. ವರ ವರಂಗಲ್ ಕಡೆಯ ತೆಲುಗಿನ ಹುಡುಗ ವಿಶ್ವಜಿತ್, ದನದ ಡಾಕ್ಟರು. ಮುಹೂರ್ತ ಮಾರ್ಚಿಗೆ. ಜನಾರ್ದನನ ಲೆಕ್ಕ ಬಹಳ ಸರಳ. ಸಂಯುಕ್ತಾಳ ನಂತರ ಆ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ. ಇನ್ನೊಬ್ಬ ತಂಗಿಯೂ ಇಲ್ಲ. ಗಂಡುಮಕ್ಕಳನ್ನು ಮಂಟಪಕ್ಕೆ ಯಾರೂ ಎತ್ತಿ ತರುವುದಿಲ್ಲ, ಅವರು ತಾವಾಗಿಯೇ ಬಂದು ಬೀಳುತ್ತಾರೆ. ಅಂದರೆ ಇದೇ ಕೊನೆಯ ಛಾನ್ಸು. ಇದೂ ತಪ್ಪಿದರೆ ಮುಂದಿನ ಪೀಳಿಗೆಗೆ ಅವನು ಬರೀ ಮೊಣಕೈಯಾಗಿ ಉಳಿಯುತ್ತಾನೆ.

ಜನಾರ್ದನನ ಅಜ್ಜ ನಿಜಾಮನ ಕಾಲದಲ್ಲಿ ಗಂಗಾವತಿಯಿಂದ ಅವನ ರಾಜಧಾನಿಗೆ ಗುಮಾಸ್ತರಾಗಿ ಬಂದವರು. ಅಪ್ಪನೂ ಕುರ್ಚಿ, ಮಗನೂ ಕುರ್ಚಿ. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನೀಗ ಸೂಪರಿಂಟೆಂಡೆಂಟು. ಫೈಲಿನ ಜೊತೆ ತೆಲುಗು, ಆಟೋದವರ ಜೊತೆ ಹಿಂದಿ, ಹೆಂಡತಿ ಸುಹಾಸಿನಿಯ ಜೊತೆ ಕನ್ನಡ; ಬೈಗುಳಕ್ಕೆ ಮಾತ್ರ ಮೂರೂ. ಕೂತೇ ಸೇವೆ ಸಲ್ಲಿಸಿದ ಇಂಥ ದೇಹ ಒಂದು ಮುಂಜಾನೆ ಹೊಸ ಬೂಟು ಹಾಕಿಕೊಂಡು ದಿಲ್‌ಸುಖ್‌ನಗರದ ಪಾರ್ಕಿನಲ್ಲಿ ಓಡತೊಡಗಿತು. ಹುಡುಗಿಯನ್ನು ಎತ್ತಬೇಕಾದರೆ ತಾಕತ್ತು ಬೇಕಲ್ಲ. ಮೊದಲನೆಯ ದಿನ ನಾಯಿಗಳು ಅನುಮಾನದಿಂದ ನೋಡಿದವು. ಎರಡನೆಯ ವಾರಕ್ಕೆ ನಾಯಿಗಳಿಗೆ ರೂಢಿಯಾಯಿತು, ಬಲಗಾಲಿಗೆ ಆಗಲಿಲ್ಲ.

ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಸಾಕು, ಹಿಮ್ಮಡಿಯ ಮೇಲೆ ಎರಡು ಬೆರಳು ಎತ್ತರದಲ್ಲಿ ಯಾರೋ ಇಕ್ಕಳ ಹಾಕಿ ಜಗ್ಗಿದಂತಾಗುತ್ತಿತ್ತು. ನಾಲ್ಕು ಹೆಜ್ಜೆ ಕುಂಟಿದ ಮೇಲೆ ನೋವು ಸಡಿಲಾಗುತ್ತಿತ್ತು, ಸಂಜೆಗೆ ಮತ್ತೆ ಹಾಜರು. ಹಿಮ್ಮಡಿಗೆ ಹೀಗೆ ಏಕಾಏಕಿ ಹಿಂಬಡ್ತಿ ಸಿಕ್ಕಿತ್ತು.

ಸರ್ಕಾರಿ ನೌಕರನ ಮನಸ್ಸಿನಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು, ರಜೆ. ಜನಾರ್ದನ ತಾನೂ ರಜೆ ಹಾಕಿದ, ಕಾಲಿಗೂ ರಜೆ ಕೊಟ್ಟ. ದಿವಾನಿನ ಮೇಲೆ ಕಾಲು ಚಾಚಿ ಮಲಗಿದವನಿಗೆ ಸುಹಾಸಿನಿ ಎಳ್ಳೆಣ್ಣೆ ತಿಕ್ಕಿದಳು, ಉಪ್ಪಿನ ಗಂಟಿನ ಕಾವು ಕೊಟ್ಟಳು. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಹೇಳಿದರು: ಮೆಂತ್ಯೆ ನೆನೆಸಿ ತಿನ್ನಿ, ನೆಲಕ್ಕೆ ಬರಿಗಾಲು ಇಡಬೇಡಿ, ಬರಿಗಾಲಲ್ಲೇ ಇಡಿ. ಹತ್ತು ಹದಿನೈದು ದಿನಕ್ಕೆ ನೋವು ಮಾಯವಾಯಿತು. ಗೆದ್ದೆನೆಂದು ಅವನು ಎದ್ದು ಅಮೀರ್‌ಪೇಟ್ ಮೆಟ್ರೋ ಹತ್ತಲು ಸ್ವಲ್ಪ ಓಡಿದ. ರೈಲು ಸಿಕ್ಕಿತು. ಅದರೊಳಗೆ ನೋವೂ ಕೂತಿತ್ತು.

ಇಡೀ ನವೆಂಬರು ಹೀಗೆ ರಜೆ, ನೋವು, ಮತ್ತೆ ರಜೆ ಎಂದು ಕಳೆದುಹೋದ ಮೇಲೆ ಸುಹಾಸಿನಿ ಅವನನ್ನು ಒಂದು ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಅಟ್ಟಿದಳು. ದಿಲ್‌ಸುಖ್‌ನಗರದಲ್ಲಿ, ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿತ್ತು ಅದು. ಕೆಳಗೆ ಹುಡುಗರು ಭವಿಷ್ಯಕ್ಕಾಗಿ ಕಷ್ಟಪಡುತ್ತಿದ್ದರು, ಮೇಲೆ ದೊಡ್ಡವರು ಭೂತಕಾಲಕ್ಕಾಗಿ. ಕಾಲು ನೋವಿನವರ ಅನುಕೂಲಕ್ಕೆಂದು ಕಟ್ಟಡದವರು ಲಿಫ್ಟ್ ಕೆಡಿಸಿ ಇಟ್ಟಿದ್ದರು.

ಅಲ್ಲಿದ್ದವಳು ಹರ್ಷದಾ, ಮೂವತ್ತರ ಆಸುಪಾಸಿನ ಗಟ್ಟಿ ಕೈಯ ಹೆಣ್ಣು. ತೆಲುಗಿನಲ್ಲೇ ಎಲ್ಲ ಕೇಳಿದಳು. ಬೋರಲು ಮಲಗಿಸಿ, ಮೀನಖಂಡ ಒತ್ತಿ ನೋಡಿದಳು. ಶುದ್ಧ ಸಸ್ಯಾಹಾರಿಯ ಕಾಲಿನಲ್ಲೂ ಒಂದು ಮೀನು ಇಟ್ಟ ದೇವರ ಚೇಷ್ಟೆಯನ್ನು ಜನಾರ್ದನ ನೆನೆಯುತ್ತಿರುವಾಗಲೇ ಅವಳ ಬೆರಳು ಕೆಳಗಿಳಿದು ಹಿಮ್ಮಡಿಯ ಮೇಲಿನ ಆ ಜಾಗವನ್ನು ಚಿವುಟಿತು. ಅವನ ಬಾಯಿಂದ ಅಪ್ಪಟ ಗಂಗಾವತಿಯ ಮಾತೊಂದು ಉದುರಿತು.

"ಅಯ್ಯ ನಿಮ್ಮೌನ."

"ನಮ್ಮವ್ವ ರಾಯಚೂರಾಗ ಆರಾಮ ಅದಾಳ್ರಿ, ಕಾಕಾರ," ಎಂದಳು ಹರ್ಷದಾ, ಬೆರಳು ತೆಗೆಯದೆ. "ನಿಮ್ಮ ಹಿಮ್ಮಡ ಆರಾಮ ಇಲ್ಲ."

ಜನಾರ್ದನನಿಗೆ ನಾಚಿಕೆಯಿಂದ ದಿಂಬಿನೊಳಗೆ ಮುಖ ಹೂಳಬೇಕೆನಿಸಿತು. ಹೇಗೂ ಬೋರಲು ಮಲಗಿದ್ದರಿಂದ ಅದಕ್ಕೆ ಬೇರೆ ಶ್ರಮ ಬೇಕಾಗಲಿಲ್ಲ. ಅವಳು ನಕ್ಕು ವಿವರಿಸಿದಳು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕಿರುವ ಹಗ್ಗ ಇದು, ಸ್ನಾಯುರಜ್ಜು. ವರ್ಷಗಟ್ಟಲೆ ಏನೂ ಕೇಳದೆ ಸುಮ್ಮನಿಟ್ಟು, ಒಂದು ದಿನ ಏಕಾಏಕಿ ಓಡಿಸಿದರೆ ಹಗ್ಗ ಮುನಿಸಿಕೊಳ್ಳುತ್ತದೆ. ಹರಿದಿಲ್ಲ, ಕೆರಳಿದೆ. ಹಾಗಾದರೆ ಇನ್ನೂ ಒಂದು ತಿಂಗಳು ಪೂರ್ತಿ ರಜೆ ಹಾಕುತ್ತೇನೆ ಎಂದು ಅವನು ಉತ್ಸಾಹದಿಂದ ಎದ್ದು ಕೂತ.

"ರಜ್ಜುಗ ರಜಾ ಕೊಟ್ರ ನೋವು ಕಡಿಮಿ ಆಗತೈತ್ರಿ, ಶಕ್ತಿನೂ ಕಡಿಮಿ ಆಗತೈತಿ," ಎಂದಳು ಹರ್ಷದಾ. "ಮತ್ತ ಎದ್ದು ನಿಂತ್ರ ಮತ್ತ ಮುನಸು. ಅದಕ್ಕ ಕೆಲಸ ಹಚ್ಚಬೇಕು. ಇವತ್ತು ಸ್ವಲ್ಪ, ನಾಳಿಗೆ ಇನ್ನೊಂದೀಟು."

ಸರ್ಕಾರಿ ಸೇವೆಯ ಇಷ್ಟು ವರ್ಷಗಳಲ್ಲಿ, ಕಾಯಿಲೆ ಬಿದ್ದವನಿಗೆ ಕೆಲಸ ಹೆಚ್ಚಿಸುವ ಆದೇಶವನ್ನು ಜನಾರ್ದನ ಕಂಡಿರಲಿಲ್ಲ. ಇಂಜೆಕ್ಷನ್ ಕೊಟ್ಟುಬಿಡಿ ಎಂದ. ಮೂಲೆಯ ಮಷಿನ್ನು ತೋರಿಸಿ, ಕರೆಂಟಾದರೂ ಹಚ್ಚಿ ಎಂದ. ಅದೆಲ್ಲ ಉಪ್ಪಿನಕಾಯಿ, ಊಟ ನೀವೇ ಮಾಡಬೇಕು ಎಂದು ಅವಳು ಮಷಿನ್ನಿನ ಮೇಲೆ ಹೊದಿಕೆ ಎಳೆದಳು. ಆಮೇಲೆ ಮುಖ್ಯವಾದ ಪ್ರಶ್ನೆ ಕೇಳಿದಳು: ಕಾಲು ವಾಸಿಯಾದ ಮೇಲೆ ಅದರಿಂದ ಏನು ಮಾಡಬೇಕಾಗಿದೆ?

"ಒಂದು ಹುಡುಗೀನ ಎತ್ತಿಕೊಂಡು ಹೋಗಬೇಕಾಗೈತಿ."

ಹರ್ಷದಾಳ ಕೈ ಅಲ್ಲೇ ನಿಂತಿತು. ಜನಾರ್ದನ ಅವಸರ ಅವಸರವಾಗಿ ತಂಗಿ, ಸೋದರಸೊಸೆ, ಗೌರಿಪೂಜೆ, ಮಂಟಪ, ಮಾರ್ಚ್ ಎಲ್ಲವನ್ನೂ ಬಿಡಿಸಿ ಹೇಳಿದ. ಇದು ಯಾರಿಗೂ ಗೊತ್ತಾಗಬಾರದು, ಅದರಲ್ಲೂ ಸೂರಿ ಎಂಬ ಒಬ್ಬನ ಕಿವಿಗೆ ಬೀಳಲೇಬಾರದು. ಕಾಲು ನೋವೆಂದು ತಿಳಿದರೆ ಅವನು ಎತ್ತಲು ತೋಳು ಮಡಚಿಕೊಂಡೇ ಬರುತ್ತಾನೆ ಎಂದ. ಅವಳು ಸಟಕ್ಕನೆ ಗೋಡೆಯ ಕಡೆ ತಿರುಗಿ, ಅಲ್ಲಿ ತೂಗುಹಾಕಿದ್ದ ಮೂಳೆಗಳ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳ ಭುಜ ಸ್ವಲ್ಪ ಅಲುಗಾಡುತ್ತಿತ್ತು. ಇಲ್ಲಿಗೆ ಬಂದವರ ಮಾತು ಈ ಬಾಗಿಲು ದಾಟುವುದಿಲ್ಲ ಎಂದು ಗೋಡೆಗೇ ಹೇಳಿದಳು.

ವ್ಯಾಯಾಮ ನೋಡಲು ಏನೇನೂ ಅಲ್ಲ. ಮೊದಲು ತುದಿಗಾಲಲ್ಲಿ ಎದ್ದು ಹಾಗೇ ನಿಲ್ಲುವುದು. ಅದು ಒಗ್ಗಿದ ಮೇಲೆ ಮೆಟ್ಟಿಲ ಅಂಚಿಗೆ ಬೆರಳೂರಿ, ಹಿಮ್ಮಡಿಯನ್ನು ಗಾಳಿಗೆ ಬಿಟ್ಟು, ಎರಡೂ ಕಾಲಲ್ಲಿ ಮೇಲೇಳುವುದು, ನೋವಿನ ಕಾಲೊಂದರ ಮೇಲೆ ಇಳಿಯುವುದು. ಗುಟ್ಟೆಲ್ಲ ಆ ಇಳಿತದಲ್ಲಿದೆ, ಆದಷ್ಟೂ ನಿಧಾನವಾಗಿ ಇಳಿಯಬೇಕು ಎಂದಳು ಹರ್ಷದಾ. ಎಣಿಸುತ್ತ ಇಳಿಯಿರಿ ಎಂದರೆ ಜನಾರ್ದನ ಬಸ್ಸು ಹಿಡಿಯುವವನಂತೆ ಎಣಿಸುತ್ತಿದ್ದ. ಅದಕ್ಕೆ ಅವಳು ಅಂಕಿ ಕಿತ್ತುಕೊಂಡು ಒಂದು ಮಂತ್ರ ಕೊಟ್ಟಳು. ತೆಲುಗಿನವರಿಗೆ ಬೇರೆ ಏನೋ ಕೊಡುತ್ತಿದ್ದಳು, ಇದು ನಮ್ಮ ಕಡೆಯವರಿಗೆಂದೇ ಅವಳು ಕಟ್ಟಿದ್ದು. ತಲೆಯ ಮೇಲಿನ ತುಂಬಿದ ಪಾತ್ರೆ ಇಳಿಸುತ್ತಿದ್ದೇನೆ ಎಂದುಕೊಂಡು ಹೇಳಬೇಕು:

"ಹಾಲಿನ ಬೋಗಾಣಿ, ತುಳುಕಬಾರದು, ಸಪ್ಪಳಾಗಬಾರದು."

ಜೊತೆಗೊಂದು ಕಾಯಿದೆ. ಮಾಡುವಾಗ ಸಣ್ಣ ನೋವಿದ್ದರೆ ಪರವಾಗಿಲ್ಲ. ಮರುದಿನ ಮುಂಜಾನೆಯ ಮೊದಲ ಹೆಜ್ಜೆಯೇ ರಿಸಲ್ಟು. ಆ ಹೆಜ್ಜೆ ಎಂದಿನಂತಿದ್ದರೆ ಪಾಸು, ಇನ್ನೂ ಜೋರಾಗಿ ಜಗ್ಗಿದರೆ ನಿನ್ನೆ ಹೆಚ್ಚಾಯಿತೆಂದು ಅರ್ಥ.

ಜನಾರ್ದನ ಕಚೇರಿಯ ಮೆಟ್ಟಿಲನ್ನೇ ಆರಿಸಿಕೊಂಡ. ಅದು ಡೈರೆಕ್ಟರ ಕೊಠಡಿಯ ಎದುರಿಗಿತ್ತು. ದಿನಕ್ಕೆರಡು ಸಲ ಅವನು ಆ ಅಂಚಿನಲ್ಲಿ ನಿಂತು, ತುಟಿ ಅಲುಗಿಸುತ್ತ ಏಳುವುದನ್ನೂ ಇಳಿಯುವುದನ್ನೂ ನೋಡಿದವರು ಮೊದಲು ಪ್ರಮೋಷನ್ನಿನ ಹರಕೆ ಎಂದುಕೊಂಡರು. ಒಂದು ವಾರದೊಳಗೆ ಇನ್ನಿಬ್ಬರು ಪ್ರಮೋಷನ್ ಆಕಾಂಕ್ಷಿಗಳು ಪಕ್ಕದಲ್ಲಿ ಬಂದು ನಿಂತರು. ಕಚೇರಿಯಲ್ಲಿ ಮೇಲೇರಲು ಇಷ್ಟು ಜನ ತುದಿಗಾಲಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡು ಡೈರೆಕ್ಟರು ಬಾಗಿಲಿಗೆ ಪರದೆ ಹಾಕಿಸಿದರು.

ಜನವರಿ ಹೊತ್ತಿಗೆ ಬೆನ್ನಿಗೆ ಅಕ್ಕಿಚೀಲ ಕಟ್ಟಿಕೊಂಡು ಇಳಿಯುವ ಹಂತಕ್ಕೆ ಬಂದ. ಮುಂಜಾನೆಯ ಹೆಜ್ಜೆ ಮೆತ್ತಗಾಗುತ್ತ ಬಂತು. ಆಗ ಹರ್ಷದಾ, ಕೊನೆಗೆ ಎಷ್ಟು ಭಾರ ಹೊರಬೇಕೆಂದು ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಏರಿಸಬಹುದು, ಹುಡುಗಿಯ ತೂಕ ಎಷ್ಟು ಎಂದು ಕೇಳಿದಳು. ಅದು ಅಷ್ಟು ಸುಲಭದ ಪ್ರಶ್ನೆಯಲ್ಲ. ಮದುವೆ ಗೊತ್ತಾದ ಹುಡುಗಿಯ ತೂಕವನ್ನು ಅವಳ ತಾಯಿಯ ಹತ್ತಿರ ಕೇಳಿದ ಗಂಡಸು ಆ ಮನೆಯಲ್ಲಿ ಮತ್ತೆ ಚಹಾ ಕುಡಿದ ಉದಾಹರಣೆಯಿಲ್ಲ. ಸಂಯುಕ್ತಾ ಬ್ಯಾಂಕಿನಲ್ಲಿದ್ದಳು, ಸಂಜೆ ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತುತ್ತಿದ್ದಳು. ಕಣ್ಣಳತೆಗೆ ಸಿಗುವ ಪೈಕಿ ಅಲ್ಲ.

ನಾಂಪಲ್ಲಿಯಲ್ಲಿ ಜನವರಿಯ ಎಕ್ಸಿಬಿಷನ್ ನಡೆದಿತ್ತು. ಜನಾರ್ದನ ಸೋದರಸೊಸೆಗೆ ಬಳೆ ಕೊಡಿಸುವ ನೆಪದಲ್ಲಿ ಕರೆದುಕೊಂಡು ಹೋದ. ಬಳೆ ಕೊಡಿಸಿದ, ಐಸ್‌ಕ್ರೀಮು ಕೊಡಿಸಿದ. ಮೆಲ್ಲಗೆ ತೂಕದ ಯಂತ್ರ ಇಟ್ಟುಕೊಂಡು ಕೂತವನ ಹತ್ತಿರ ಕರೆತಂದು, ಇದರ ಮೇಲೆ ನಿಂತರೆ ಅದೃಷ್ಟ ಅಂತೆ ಎಂದು ಮುಖ ಬೇರೆ ಕಡೆ ತಿರುಗಿಸಿದ. ಸಂಯುಕ್ತಾ ಐಸ್‌ಕ್ರೀಮಿನ ಕಡ್ಡಿ ನೆಕ್ಕುತ್ತ ಅವನನ್ನೇ ನೋಡಿದಳು.

"ಮಾಮಾ, ಹ್ವಾದ ವಾರ ಸೂರಿ ಮಾಮಾನೂ ಇಲ್ಲಿಗೇ ಕರಕೊಂಡು ಬಂದಿದ್ರು. ಅವ್ರೂ ಅದೃಷ್ಟ ಅಂತನ ಹೇಳಿದ್ರು. ಅವ್ರು ಬಳಿ ಜೊತಿಗೆ ಸರಾನೂ ಕೊಡಿಸ್ಯಾರ."

ಆಮೇಲೆ ಕನಿಕರಪಟ್ಟು ಕಿವಿಯಲ್ಲಿ ಒಂದು ಅಂಕಿ ಹೇಳಿದಳು. ಜನಾರ್ದನನಿಗೆ ಅಂಕಿಯಿಂದ ಒಂದು ಆಘಾತ, ಸೂರಿಯಿಂದ ಇನ್ನೊಂದು. ಅಂಕಿಗೆ ರೇಷ್ಮೆ ಸೀರೆ, ಬಂಗಾರ, ಹೂವಿನ ದಂಡೆ ಬೇರೆ ಸೇರಬೇಕು. ಸೂರಿಗೆ ಏನು ಸೇರಿಸಬೇಕೋ ಅದು ಅವನ ಬಾಯಲ್ಲೇ ಉಳಿಯಿತು. ಆ ಪ್ರಭಾರಿ ಮತ್ತೆ ಚಾರ್ಜು ತೆಗೆದುಕೊಳ್ಳುವ ತಯಾರಿಯಲ್ಲಿದ್ದಾನೆ ಎಂಬುದು ಖಾತ್ರಿಯಾಯಿತು.

ಅವತ್ತಿನಿಂದ ಅಕ್ಕಿಚೀಲ ಅವನಿಗೆ ಹಗುರವೆನಿಸಿತು, ಹರ್ಷದಾಳ ನಿಧಾನ ತೀರಾ ನಿಧಾನವೆನಿಸಿತು. ಮದುವೆಗೆ ಮೂರು ವಾರ ಇದ್ದಾಗ ಅವನು ಸುಹಾಸಿನಿಯ ಮುಂದೆ ಕೈ ಮುಗಿದು ನಿಂತ. ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನಿನ್ನನ್ನು ಒಮ್ಮೆ ಎತ್ತಿಕೊಂಡು ಹೋಗುತ್ತೇನೆ ಎಂದ. ಸುಹಾಸಿನಿ ಮೊದಲು ಹಣೆ ಮುಟ್ಟಿ ಜ್ವರ ನೋಡಿದಳು. ನನ್ನ ಮದುವೆಯಲ್ಲಿ ನನ್ನ ಸೋದರಮಾವ ಎತ್ತಿದ್ದೇ ಕೊನೆ, ಇನ್ನು ನಾಲ್ಕು ಜನ ಒಟ್ಟಿಗೆ ಎತ್ತುವ ದಿನವೇ ಎಂದುಕೊಂಡಿದ್ದೆ ಎಂದಳು. ಕೊನೆಗೆ, ತರಕಾರಿಯ ಚೀಲವೂ ಜೊತೆಗೆ ಬರಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು.

ಮೊದಲನೆಯ ಮಹಡಿ ದಾಟಿದರು. ಎರಡನೆಯ ಮಹಡಿಯಲ್ಲಿ ಒಬ್ಬ ನೆರೆಮನೆಯಾಕೆ ಬಾಗಿಲು ತೆಗೆದು, ನಡುವಯಸ್ಸಿನ ದಂಪತಿ ಸೋರೆಕಾಯಿ ಸಮೇತ ಹಾದುಹೋಗುವುದನ್ನು ಕಂಡಳು. ತನಗೆ ಮೊಣಕಾಲು ನೋವು, ಇವರಿಗೆ ನೋಡಲಾಗುವುದಿಲ್ಲ ಎಂದು ಸುಹಾಸಿನಿ ಗಂಡನ ತೋಳಿನಿಂದಲೇ ತೆಲುಗಿನಲ್ಲಿ ಸಮಜಾಯಿಷಿ ಕೊಟ್ಟಳು. ಸಂಜೆಯೊಳಗೆ ಆ ಕಟ್ಟಡದ ಎಷ್ಟೋ ಗಂಡಂದಿರು ಜನಾರ್ದನನ ಕಾರಣಕ್ಕೆ ಬೈಸಿಕೊಂಡಿದ್ದರು.

ಮರುದಿನ ಮುಂಜಾನೆ ರಿಸಲ್ಟು ಬಂತು. ಹಾಸಿಗೆಯಿಂದ ಕಾಲಿಟ್ಟವನು ಹಾಗೇ ಗೋಡೆ ಹಿಡಿದುಕೊಂಡ. ಇಕ್ಕಳ ಮರಳಿ ಬಂದಿತ್ತು, ಈ ಸಲ ಸಂಸಾರ ಸಮೇತ. ಕ್ಲಿನಿಕ್ಕಿನ ಮೆಟ್ಟಿಲನ್ನು ಅವನು ಒಂದೊಂದಾಗಿ, ಕಂಬಿ ಹಿಡಿದು ಹತ್ತಿದ. ಹರ್ಷದಾ ಎಲ್ಲ ಕೇಳಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನೀವು ಒಬ್ಬರನ್ನ ಸೋಲಸಾಕ ಎತ್ತಾಕತ್ತೀರಿ, ಕಾಕಾರ. ನಿಮ್ಮ ರಜ್ಜುಗ ಸೂರಿ ಯಾರು ಅಂತ ಗೊತ್ತಿಲ್ಲ. ಅದಕ್ಕ ನಿನ್ನಿ ಎಷ್ಟು ಭಾರ ಇತ್ತು, ಇವತ್ತು ಎಷ್ಟು ಅಂತ ಅಷ್ಟ ಗೊತ್ತು."

ಮದುವೆಯ ಹೊತ್ತಿಗೆ ಎತ್ತಬಹುದೇ ಎಂದು ಅವನು ಕೇಳಿದ. ದನಿ ಅವನದೇ ಎಂದು ಅವನಿಗೆ ಗುರುತು ಹತ್ತಲಿಲ್ಲ. ನಿಜ ಹೇಳಬೇಕೆಂದರೆ ಒಬ್ಬರೇ ಪೂರ್ತಿ ಭಾರ ಎತ್ತುವುದು ಕಷ್ಟ, ಅರ್ಧ ಭಾರವಾದರೆ ಹೂಂ ಅನ್ನುತ್ತಿದ್ದೆ ಎಂದಳು. ಸೊಸೆಯನ್ನು ಅರ್ಧ ಎತ್ತುವ ಪದ್ಧತಿ ನಮ್ಮಲ್ಲಿ ಇಲ್ಲ ಎಂದು ಅವನು ಕೆಳಗೆ ನೋಡಿದ. ಅವಳು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದಳು. ವ್ಯಾಯಾಮವನ್ನು ಹಿಂದಿನ ಹಂತಕ್ಕೆ ಇಳಿಸಿದಳು, ಬೂಟಿನೊಳಗೆ ಹಿಮ್ಮಡಿಯ ಕೆಳಗೊಂದು ಮೆತ್ತೆ ಇಟ್ಟಳು, ಹೆಂಡತಿಯನ್ನು ನಡೆಯಲು ಬಿಡಬೇಕೆಂದು ಖಡಕ್ಕಾಗಿ ಹೇಳಿದಳು. ಜನಾರ್ದನ ಅದನ್ನೆಲ್ಲ ಒಂದಿಷ್ಟೂ ಹೆಚ್ಚಿಸದೆ, ಕಡಿಮೆ ಮಾಡದೆ ಮಾಡಿದ. ಇಕ್ಕಳ ದಿನದಿಂದ ದಿನಕ್ಕೆ ಸಡಿಲಾಯಿತು. ಆದರೆ ಪೂರ್ತಿ ಭಾರದ ಪರೀಕ್ಷೆಗೆ ಕೂರುವ ಧೈರ್ಯ ಮತ್ತೆ ಬರಲಿಲ್ಲ.

ಮದುವೆಯ ದಿನ ಅವನು ಭಜಿಯ ಕಡಾಯಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪಂಚೆಯ ಕಚ್ಚೆ ಬಿಗಿದು, ಹೆಣ್ಣಿನ ಕೋಣೆಯ ಬಾಗಿಲಲ್ಲೇ ಕಂಬದಂತೆ ನಿಂತ. ಎದುರಿನ ಕಂಬ ಸೂರಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನೋಡಿಕೊಂಡರು. ಒಳಗೆ ಗೌರಿಪೂಜೆ ಮುಗಿಯುತ್ತಿತ್ತು. ಎತ್ತಿ ಎರಡು ಹೆಜ್ಜೆಗೆ ಕಾಲು ಕೈಕೊಟ್ಟರೆ ಮದುಮಗಳು ನೆಲಕ್ಕೆ. ಎತ್ತದೆ ಬಿಟ್ಟರೆ ಸೂರಿಯ ಹಲ್ಲು ಮತ್ತೊಂದು ಫೋಟೋಕ್ಕೆ. ಜನಾರ್ದನ ಮನಸ್ಸಿನಲ್ಲೇ ಎರಡೂ ಚಿತ್ರ ನೋಡಿದ. ಮೊದಲನೆಯದರಲ್ಲಿ ಸಂಯುಕ್ತಾಳ ಮುಖ ಕಂಡಿತು. ಹೆಣ್ಣಿನ ಪಾದ ನೆಲಕ್ಕೆ ಬೀಳುವುದಕ್ಕಿಂತ ತನ್ನ ಮೀಸೆ ಮಣ್ಣಾದರೆ ಮೇಲು ಅನ್ನಿಸಿತು. ಬೂಟಿಲ್ಲ, ಮೆತ್ತೆಯಿಲ್ಲ, ಬರಿಗಾಲು. ಅವನು ಗಂಟಲು ಸರಿಮಾಡಿಕೊಂಡು, ಬದುಕಿನಲ್ಲೇ ಅತ್ಯಂತ ಭಾರದ ವಾಕ್ಯ ಎತ್ತಲು ಬಾಯಿ ತೆರೆದ.

"ಸೂರಿ, ಈ ಸಲನೂ ನೀನ..."

ಅಷ್ಟರಲ್ಲಿ ಬೀಗರ ಕಡೆಯ ಹೆಂಗಸರು ಒಂದು ದೊಡ್ಡ ಬಿದಿರಿನ ಬುಟ್ಟಿಯನ್ನು ತಂದು ಇಬ್ಬರು ಕಂಬಗಳ ನಡುವೆ ಇಟ್ಟರು. ಅರಿಸಿನ ಬಳಿದು ಕುಂಕುಮ ಇಟ್ಟ ಬುಟ್ಟಿ, ಒಳಗೆ ಮೆತ್ತೆ, ಎರಡೂ ಬದಿಗೆ ಹಿಡಿಯಲು ಗಟ್ಟಿ ಹಗ್ಗ. ಹಿಂದೆಯೇ ಗಂಗಾ ಬಂದಳು. ಬೀಗರಲ್ಲಿ ಮದುಮಗಳನ್ನು ಬುಟ್ಟಿಯಲ್ಲಿ ಕೂರಿಸಿ ಸೋದರಮಾವಂದಿರು ಹೊತ್ತು ತರುವುದು ಪದ್ಧತಿಯಂತೆ. ನಿಶ್ಚಯದ ದಿನ ವಿಶ್ವಜಿತ್‌ನ ಅಜ್ಜಿ ಕೇಳಿದ್ದರು, ಗಂಗಾ ಅವತ್ತೇ ಒಪ್ಪಿ ಬಾಯಿ ಮುಚ್ಚಿಕೊಂಡಿದ್ದಳು. ಈಗ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ ಬಾಯಿ ಬಿಟ್ಟಳು.

"ಒಬ್ಬನ್ನ ಕರದ್ರ ಇನ್ನೊಬ್ಬ ಹತ್ತು ವರ್ಷ ಟೀವಿಗೆ ಬೆನ್ನ ಹಾಕಿ ಕುಂದರತಾನ. ಅದಕ್ಕ ಬುಟ್ಟಿಗೆ ಹೂಂ ಅಂದೆ. ಹಿಡೀರಿನ್ನ. ಮುಹೂರ್ತ ಮೀರಾಕತ್ತೈತಿ."

ಅರ್ಧ ಭಾರ. ಜನಾರ್ದನನಿಗೆ ಹರ್ಷದಾಳ ಮಾತು ನೆನಪಾಯಿತು. ಅವನು ಎಡದ ಹಗ್ಗ ಹಿಡಿದ, ಸೂರಿ ಬಲದ್ದು. ಸಂಯುಕ್ತಾ ಬುಟ್ಟಿಯಲ್ಲಿ ಕೂತು, ನಾನು ಜಿಮ್ಮಿನಲ್ಲಿ ಇದಕ್ಕಿಂತ ಹೆಚ್ಚು ಎತ್ತುತ್ತೇನೆ, ಹೆದರಬೇಡಿ ಎಂದು ಇಬ್ಬರಿಗೂ ಧೈರ್ಯ ಹೇಳಿದಳು. ಎತ್ತಿದರು. ಹಿಮ್ಮಡಿ ಗೊಣಗಿತು, ಆದರೆ ಕೆಲಸ ನಿಲ್ಲಿಸಲಿಲ್ಲ. ಅಂಗಳ ದಾಟಿ ಮಂಟಪದ ಮೆಟ್ಟಿಲೂ ಏರಿದರು. ಇನ್ನೇನು ಮುಗಿಯಿತು ಅನ್ನುವಾಗ ಫೋಟೋಗ್ರಾಫರ್ ಅಡ್ಡ ಬಂದು ಕೈ ಎತ್ತಿದ. ಏರುವಾಗ ಬಹಳ ಅವಸರ ಮಾಡಿದಿರಂತೆ, ಸ್ಲೋ ಮೋಷನ್ ಬರಬೇಕಂತೆ. ಹಾಗೇ ಹಿಂದಕ್ಕೆ ಮೆಟ್ಟಿಲು ಇಳಿದು ಇನ್ನೊಮ್ಮೆ, ನಿಧಾನಕ್ಕೆ, ಎಂದ. ಭಟ್ಟರು ಗೊಣಗಿದರು, ಆದರೆ ಈಗಿನ ಮದುವೆಗಳಲ್ಲಿ ಫೋಟೋಗ್ರಾಫರನ ಮುಂದೆ ಭಟ್ಟರೂ ಪ್ರಭಾರಿಯೇ.

ಹಿಂದಕ್ಕೆ ಇಳಿಯುವುದೆಂದರೆ ಬೆರಳ ಮೇಲೆ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಬಿಡುವುದು. ಭಾರ ಹೊತ್ತು. ನಿಧಾನವಾಗಿ. ಡೈರೆಕ್ಟರ ಬಾಗಿಲ ಮುಂದೆ ಚಳಿಗಾಲವಿಡೀ ಅವನು ಮಾಡಿದ್ದು ಇದನ್ನೇ. ಜನಾರ್ದನ ಉಸಿರು ಹಿಡಿದು, ತುಟಿಯೊಳಗೇ ಶುರುಮಾಡಿದ.

"ಹಾಲಿನ ಬೋಗಾಣಿ..."

ಬುಟ್ಟಿಯ ಆಚೆಯಿಂದ, ಅದೇ ರಾಗದಲ್ಲಿ, ಅದೇ ನಿಧಾನದಲ್ಲಿ ದನಿ ಬಂತು.

"...ತುಳುಕಬಾರದು..."

ಇಬ್ಬರ ಕಾಲೂ ಒಟ್ಟಿಗೇ ಕೆಳಗಿನ ಮೆಟ್ಟಿಲು ಮುಟ್ಟಿದವು. ಸಪ್ಪಳವಾಗಲಿಲ್ಲ. ಜನಾರ್ದನ ಕತ್ತು ಹೊರಳಿಸಿ ನೋಡಿದ. ಸೂರಿಯೂ ನೋಡಿದ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಬಲ ಮೊಣಕಾಲಿನ ಚಿಪ್ಪಿನ ಕೆಳಗೆ, ಪಂಚೆಯ ಮರೆಯಲ್ಲಿ, ಒಂದು ಪಟ್ಟಿ ಇಣುಕುತ್ತಿತ್ತು.

"ಅಣ್ಣಾ, ನಿನಗೂ ರಾಯಚೂರಾಕೀನ?" ಎಂದ ಸೂರಿ, ತುಟಿ ಅಲುಗಿಸದೆ.

"ಮಂಗಳವಾರ, ಶುಕ್ರವಾರ."

"ನಂದು ಬುಧವಾರ, ಶನಿವಾರ."

"ಮಾಮಾಗೋಳ್ರ್ಯಾ," ಎಂದಳು ಸಂಯುಕ್ತಾ, ನಡುವಿನಿಂದ. "ಮಾತು ಆಮ್ಯಾಲ ಆಡ್ರಿ. ನಾ ಬುಟ್ಟ್ಯಾಗ ಅದೀನಿ."

ಮತ್ತೆ ಏರಿದರು. ಮಂಟಪದಲ್ಲಿ ಮಣೆಯ ಮುಂದೆ ಬುಟ್ಟಿ ಇಳಿಸುವಾಗ ಇಬ್ಬರೂ ಗುಟ್ಟು ಮರೆತು ಎಲ್ಲರಿಗೂ ಕೇಳುವಂತೆಯೇ ಹೇಳಿದರು, ಬೋಗಾಣಿಯಿಂದ 'ಸಪ್ಪಳಾಗಬಾರದು' ತನಕ. ಭಟ್ಟರು ಇದು ಗಂಗಾವತಿಯ ಕಡೆಯ ಯಾವುದೋ ಶಾಖೆಯ ಮಂತ್ರವಿರಬೇಕೆಂದು ತಾವೂ ಅಕ್ಷತೆ ಹಾಕಿದರು.

ರಾತ್ರಿ ನೆಂಟರೆಲ್ಲ ಫಂಕ್ಷನ್ ಹಾಲಿನ ಮಹಡಿಯಲ್ಲೇ ಸಾಲಾಗಿ ಮಲಗಿದ್ದರು. ಮುಂಜಾನೆ ಜನಾರ್ದನ ಎದ್ದು ಕೂತಾಗ ಪಕ್ಕದ ಗಾದಿಯ ಮೇಲೆ ಸೂರಿಯೂ ಎದ್ದು ಕೂತಿದ್ದ. ಇಬ್ಬರೂ ಕಾಲು ಮುಂದೆ ಚಾಚಿಕೊಂಡು, ಯಾರೂ ಎದ್ದು ನಿಲ್ಲದೆ ಕಾಯುತ್ತಿದ್ದರು. ಮೊದಲ ಹೆಜ್ಜೆ ಎಂದರೆ ರಿಸಲ್ಟು, ಇಬ್ಬರಿಗೂ ಗೊತ್ತಿತ್ತು.

"ನೀ ದೊಡ್ಡಾವ, ನೀ ಮೊದಲ ಏಳು," ಎಂದ ಸೂರಿ.

"ಹೋದ ಮದುವ್ಯಾಗ ದೊಡ್ಡಾವ ಅಂತ ನೆನಪಾಗಿರಲಿಲ್ಲೇನು?"

ಸೂರಿ ಮೊಣಕಾಲು ಸವರಿಕೊಂಡ. ಕೆಳಗೆ ಚಹಾದ ಪಾತ್ರೆಗಳ ಸದ್ದಾಗುತ್ತಿತ್ತು.

"ಅವತ್ತ ಹಿಡದೈತಿ ಇದು. ಹಂಗ ದಡಾರನ ಎತ್ತಿದ್ನಲ್ಲ, ಮೊಣಕಾಲಾಗ ಕಟ್ ಅಂತು. ನಡುವ ಇಳಸಾಕ ಬರಂಗಿಲ್ಲ, ಹೇಳಾಕ ಬರಂಗಿಲ್ಲ. ಅವತ್ತಿಂದ ಬರತೈತಿ, ಹೋಗತೈತಿ. ಆ ಫೋಟೋದಾಗ ನಾ ನಗಾಕತ್ತಿಲ್ಲಣ್ಣಾ. ಹಲ್ಲ ಕಚ್ಚೀನಿ."

ಜನಾರ್ದನ ಕೈ ಚಾಚಿದ. ಒಬ್ಬರ ತೋಳು ಒಬ್ಬರು ಹಿಡಿದು ಇಬ್ಬರೂ ಒಟ್ಟಿಗೆ ಎದ್ದು, ಒಟ್ಟಿಗೆ ಒಂದು ಹೆಜ್ಜೆ ಇಟ್ಟರು. ಹಿಮ್ಮಡಿ ಎಂದಿನಷ್ಟೇ ಜಗ್ಗಿತು, ಹೆಚ್ಚಿಲ್ಲ. ಪಾಸು. ಸೂರಿಯ ಮುಖ ನೋಡಿದ. ಅಲ್ಲೂ ಪಾಸು, ಈ ಸಲ ನಿಜವಾದ ಹಲ್ಲು.

ಮುಂದಿನ ಭಾನುವಾರ ಗಂಗಾಳ ಮನೆಗೆ ಹೋದಾಗ ಜನಾರ್ದನ ಟೀವಿಗೆ ಮುಖ ಮಾಡಿ ಕೂತ. ಹೊಸ ಫೋಟೋ ಇನ್ನೂ ಬಂದಿರಲಿಲ್ಲ, ಹಳೆಯದನ್ನೇ ಬಹಳ ಹೊತ್ತು ನೋಡಿದ. ಎತ್ತಿದವನು ಹಲ್ಲು ಕಚ್ಚಿದ್ದಾನೆ. ಎತ್ತಿಸಿಕೊಂಡವಳು ಬೀಳುತ್ತೇನೇನೋ ಎಂದು ಅವನ ಅಂಗಿ ಹಿಡಿದಿದ್ದಾಳೆ. ಹಿಂದೆ ಭಟ್ಟರು ಗಡಿಯಾರ ನೋಡುತ್ತಿದ್ದಾರೆ. ಅಷ್ಟು ಜನರಲ್ಲಿ ಆರಾಮವಾಗಿರುವುದು ಎಡ ಅಂಚಿನ ಮೊಣಕೈ ಒಂದೇ. ಮಿರ್ಚಿ ಭಜಿಯೂ ಇನ್ನೂ ಬಿಸಿಯಾಗಿಯೇ ಇದ್ದಂತಿದೆ.